ಬೊಂಬೆಯ ಎದೆಗೆ ತುಂಬಿದ ನಾರು

ನಾನು ಹತ್ತನೇ ತರಗತಿ ಪಾಸಾದದ್ದು ಇಪ್ಪತ್ತಾರನೇ ವಯಸ್ಸಿನಲ್ಲಿ. ಅಲ್ಲಿಯವರೆಗೆ ಅರಸೀಕೆರೆ ಮಂಡಿಯಲ್ಲಿ ಕೊಬ್ಬರಿ ಚೀಲ ಹೊಲಿಯುತ್ತಿದ್ದೆ. ಆಮೇಲೆ ಪಿಯುಸಿ, ಅದಾದ ಮೇಲೆ ತುರ್ತು ಚಿಕಿತ್ಸೆಯ ಕೋರ್ಸು. ಆಂಬುಲೆನ್ಸ್ ಹತ್ತುವ ಹೊತ್ತಿಗೆ ಮೂವತ್ತನಾಲ್ಕು ತುಂಬಿತ್ತು. ತಡವಾಗಿ ಕಲಿತವನಿಗೆ ಕಲಿತದ್ದು ಕೈಬಿಟ್ಟು ಹೋದೀತೆಂಬ ಭಯ ಹೆಚ್ಚು. ಹಾಗಾಗಿ ಕೆಲಸದ ಯಾವ ನಿಯಮವನ್ನೂ ನಾನು ಹಗುರವಾಗಿ ಕಂಡವನಲ್ಲ.

ನಿಯಮ ಇಷ್ಟು. ಎರಡು ವರ್ಷಕ್ಕೊಮ್ಮೆ ನಮ್ಮ ಪ್ರಮಾಣಪತ್ರ ನವೀಕರಣವಾಗಬೇಕು. ಅದಕ್ಕೆ ಗೊತ್ತುಪಡಿಸಿದಷ್ಟು ಗಂಟೆ ಬೊಂಬೆಯ ಮೇಲೆ ಅಭ್ಯಾಸ ಮಾಡಿ, ಪುಸ್ತಕದಲ್ಲಿ ಬರೆದಿಡಬೇಕು. ಕೊನೆಗೆ ಹಾಸನದಲ್ಲಿ ಪರೀಕ್ಷೆ. ಪತ್ರ ಇಲ್ಲದವನು ಗಾಡಿ ಹತ್ತುವಂತಿಲ್ಲ.

ನಮ್ಮ ಆಂಬುಲೆನ್ಸ್ ಕೇಂದ್ರದಲ್ಲಿದ್ದದ್ದು ಒಂದೇ ಬೊಂಬೆ. ಕೈಕಾಲಿಲ್ಲದ, ಸೊಂಟದವರೆಗಿನ ರಬ್ಬರ್ ಮನುಷ್ಯ. ಎದೆಯೊಳಗೆ ಸ್ಪ್ರಿಂಗು, ಅದರ ಕೆಳಗೊಂದು ತಗಡು. ನಿಂತ ಹೃದಯವನ್ನು ನಡೆಸಲು ಎದೆಯನ್ನು ಎರಡು ಇಂಚು ಒತ್ತಬೇಕು. ಅಷ್ಟು ಒತ್ತಿದರೆ ಬೊಂಬೆಯ ತಗಡು ಟಕ್ ಎನ್ನುತ್ತಿತ್ತು.

ಒಂದು ದಿನ ಸ್ಪ್ರಿಂಗು ಮುರಿದು ಎದೆ ಕುಸಿಯಿತು. ಬೇರೆ ಬೊಂಬೆ ಕೇಳಿ ಪತ್ರ ಬರೆದೆವು. ತಿಂಗಳುಗಟ್ಟಲೆ ಉತ್ತರ ಬರಲಿಲ್ಲ. ನಾವು ಚಾಲಕರೂ ಸೇರಿ ನಾಲ್ಕು ಜನ. ಯಾರ ಗಂಟೆಯೂ ತುಂಬುವಂತಿರಲಿಲ್ಲ. ಕೊನೆಗೆ ನಾನೇ ಬೊಂಬೆಯ ಬೆನ್ನು ಕೊಯ್ದು, ಒಳಗೆ ತೆಂಗಿನ ನಾರು ಗಿಡಿದು ತುಂಬಿ, ಚೀಲ ಹೊಲಿಯುವ ದಬ್ಬಳದಿಂದ ಹೊಲಿದೆ. ಒತ್ತಿ ಬಿಟ್ಟಾಗ ಎದೆ ಮತ್ತೆ ಮೇಲೆದ್ದಿತು. ಟಕ್ ಎಂದಿತು.

ನಮ್ಮ ಗಾಡಿಯ ಚಾಲಕ, ನನಗಿಂತ ಎಂಟು ವರ್ಷ ಚಿಕ್ಕವನು, ಬೊಂಬೆಯ ಕೆನ್ನೆ ತಟ್ಟಿ ನಕ್ಕ. "ಏನಣ್ಣ, ಬೊಂಬೆಗೇ ಆಪರೇಷನ್ ಮಾಡ್‌ಬಿಟ್ಯಲ್ಲ. ಹೊಟ್ಟೇಲಿ ನಾರು ಐತೆ ಅಂದ್ಮೇಲೆ ಇವ್ನು ನಮ್ಮೂರೋನೇ ಬಿಡು."

ಎಲ್ಲರೂ ಹೊಗಳಿದರು. ಒಂದೂವರೆ ವರ್ಷ ಅದರ ಮೇಲೆಯೇ ಅಭ್ಯಾಸ ಮಾಡಿದೆವು. ಪುಸ್ತಕ ನನ್ನ ಅಕ್ಷರದಲ್ಲೇ ತುಂಬಿತು. ಎರಡು ಇಂಚು ಎಂಬ ಮಾತು ತಲೆಯಲ್ಲಿ ಇದ್ದೇ ಇತ್ತು. ಆದರೆ ಕೈ ನೆನಪಿಟ್ಟುಕೊಂಡದ್ದು ಆ ಸದ್ದನ್ನು.

ಪರೀಕ್ಷೆಗೆ ಎರಡು ತಿಂಗಳಿದ್ದಾಗ ಬಾಣಾವರದಿಂದ ಕರೆ ಬಂತು. ಕಿರಾಣಿ ಅಂಗಡಿಯವರೊಬ್ಬರು, ಐವತ್ತರ ಆಸುಪಾಸು, ಬೆಳಿಗ್ಗೆ ಬಾಗಿಲು ತೆಗೆಯುವಾಗಲೇ ಕುಸಿದಿದ್ದರು. ನಾಡಿ ಇರಲಿಲ್ಲ. ಅರಸೀಕೆರೆ ಆಸ್ಪತ್ರೆಯ ತನಕ ದಾರಿಯುದ್ದಕ್ಕೂ ಎದೆ ಒತ್ತಿದೆ. ಅವರ ಹೆಂಡತಿ ಪಾದ ಹಿಡಿದುಕೊಂಡು ಕೂತಿದ್ದರು.

"ಮೆತ್ತಗೆ ಕಣಪ್ಪ, ಅವ್ರಿಗೆ ನೋವಾಗ್ತದೆ" ಎಂದರು.

"ನೋವಾಗೋವಷ್ಟು ಒತ್ತಲ್ಲ ಕಣಮ್ಮ" ಎಂದೆ. ಹಾಗೆಯೇ ಅಂದೆ.

ಅವರು ಉಳಿಯಲಿಲ್ಲ. ಹನ್ನೊಂದನೇ ದಿನದ ಶಿವಗಣಾರಾಧನೆಗೆ ಆ ತಾಯಿ ನನ್ನನ್ನು ಕರೆಸಿ, ಪಂಕ್ತಿಯಲ್ಲಿ ಕೂರಿಸಿ ತಾವೇ ಬಡಿಸಿದರು. "ಕಡೇ ಗಳಿಗೆ ತಂಕ ಕೈ ಬಿಡ್ಲಿಲ್ಲ ಈ ಪುಣ್ಯಾತ್ಮ" ಎಂದು ನೆಂಟರಿಗೆ ಹೇಳಿದರು. ನಾನು ಊಟ ಮಾಡಿ ಬಂದೆ.

ಹಾಸನದ ಪರೀಕ್ಷೆಯಲ್ಲಿದ್ದದ್ದು ಹೊಸ ಬೊಂಬೆ. ಟಕ್ ಎನ್ನುತ್ತಿರಲಿಲ್ಲ. ಸರಿಯಾಗಿ ಒತ್ತಿದರೆ ಹಸಿರು ದೀಪ, ಇಲ್ಲದಿದ್ದರೆ ಕೆಂಪು. ನಾನು ಒತ್ತಿದೆ. ಕೆಂಪು. ಮತ್ತೆ ಒತ್ತಿದೆ. ಕೆಂಪೇ.

"ಇನ್ನೂ ಆಳಕ್ಕೆ ಹೋಗ್ಬೇಕು" ಎಂದರು ಪರೀಕ್ಷೆ ಮಾಡುವ ಡಾಕ್ಟರ್ ಮೇಡಂ.

"ಇಷ್ಟೇ ಅಲ್ವಾ ಮೇಡಂ ಇರೋದು?"

"ನೀವು ಒಂದಿಂಚೂ ಹೋಗ್ತಿಲ್ಲ ಕಣ್ರೀ."

ನಮ್ಮ ನಾಲ್ವರಿಗೂ ಕೆಂಪು ಬಂತು. ಮೇಡಂ ಪೆನ್ನು ಕೆಳಗಿಟ್ಟರು. "ಬೇರೆ ಕೇಂದ್ರದೋರು ಸರಿಯಾಗೇ ಮಾಡಿದ್ರು. ನೀವು ನಾಲ್ಕೂ ಜನ ಒಂದೇ ಥರ ತಪ್ಪು ಮಾಡ್ತೀರಲ್ಲ, ಯಾರು ಕಲಿಸಿದ್ದು?"

ಆಗ ನನಗೆ ತಿಳಿಯಿತು. ನಾರು ಒಳಗಿನ ತಗಡನ್ನು ಮೇಲೆತ್ತಿತ್ತು. ಅರ್ಧ ದಾರಿಗೇ ಸದ್ದು ಬರುತ್ತಿತ್ತು. ಬಾಣಾವರದ ಅಂಗಡಿಯವರ ತೆರೆದ ಷರಟು ಕಣ್ಣ ಮುಂದೆ ಬಂತು.

ಮಧ್ಯಾಹ್ನ ಇನ್ನೊಂದು ಅವಕಾಶವಿತ್ತು. ಊಟದ ಹೊತ್ತಿಗೆ ಉಳಿದ ಮೂವರಿಗೂ ನಾರಿನ ವಿಷಯ ಹೇಳಿದೆ. ಚಾಲಕ ಹತ್ತಿರ ಬಂದ. "ಸುಮ್ನಿರಣ್ಣ. ಈಗ ಗೊತ್ತಾಯ್ತಲ್ಲ, ಜೋರಾಗ್ ಒತ್ತಿ ಪಾಸಾಗಣ. ಊರಿಗೋಗಿ ಆ ಬೊಂಬೆ ಸುಟ್ಟಾಕಣ."

ಜೋರಾಗಿ ಒತ್ತಿದೆವು. ನಾಲ್ವರಿಗೂ ಹಸಿರು ಬಂತು. ಕಷ್ಟವೇನೂ ಇರಲಿಲ್ಲ, ಮೈಭಾರ ಬಿಟ್ಟರೆ ಸಾಕಿತ್ತು. ಮೇಡಂ ಸಹಿ ಹಾಕಲು ಅಭ್ಯಾಸದ ಪುಸ್ತಕ ಕೇಳಿದರು. ಕೊಟ್ಟೆ. ಪುಟ ತಿರುವಿ, "ಅಕ್ಷರ ಚೆನ್ನಾಗಿದೆ" ಎಂದರು. ಆಗ ನನ್ನಿಂದ ತಡೆಯಲಾಗಲಿಲ್ಲ. ನಾರು, ದಬ್ಬಳ, ತಗಡು ಎಲ್ಲವನ್ನೂ ಹೇಳಿದೆ.

ಅವರು ಬೈಯಲಿಲ್ಲ. ಪುಸ್ತಕ ಮುಚ್ಚಿ, "ಈ ಗಂಟೆಗಳು ನಡೆಯಲ್ಲ. ನಾಲ್ಕೂ ಜನ ಮೊದಲಿಂದ ಅಭ್ಯಾಸ ಮಾಡಿ ಬನ್ನಿ. ಅಲ್ಲಿ ತಂಕ ಗಾಡಿ ಹತ್ತೋ ಹಾಗಿಲ್ಲ" ಎಂದರು. ಬಾಣಾವರದವರ ಬಗ್ಗೆ ಕೇಳಿದೆ. ಸರಿಯಾಗಿ ಒತ್ತಿದ್ದರೂ ಎಷ್ಟೋ ಜನ ಉಳಿಯುವುದಿಲ್ಲ, ಅವರು ಉಳಿಯುತ್ತಿದ್ದರೋ ಇಲ್ಲವೋ ಯಾರೂ ಹೇಳಲಾರರು ಎಂದರು.

ವಾಪಸು ರೈಲಿನಲ್ಲಿ ಮೂವರೂ ನನ್ನ ಹತ್ತಿರ ಕೂರಲಿಲ್ಲ. ಅರಸೀಕೆರೆಯಲ್ಲಿ ಇಳಿಯುವಾಗ ಚಾಲಕ ಇಷ್ಟೇ ಅಂದ: "ಬೊಂಬೆ ಬೆನ್ ಹೊಲ್ದೆ. ನಿನ್ ಬಾಯಿ ಹೊಲ್ಕೊಳಾಕಾಗ್ಲಿಲ್ವೇನಣ್ಣ?"

ಮುಂದಿನ ಸೋಮವಾರ ಬಾಣಾವರಕ್ಕೆ ಹೋದೆ. ಅಂಗಡಿಯಲ್ಲಿ ಆ ತಾಯಿಯೇ ಕೂತಿದ್ದರು. ಸ್ಟೂಲು ಹಾಕಿ ಕಾಫಿ ಕೊಟ್ಟರು. ಲೋಟ ಕೆಳಗಿಟ್ಟು ಎಲ್ಲ ಹೇಳಿದೆ. ಬೈದಾರು, ಹೊರಗೆ ಹಾಕಿಯಾರು ಎಂದುಕೊಂಡಿದ್ದೆ. ಹಾಗಾದರೆ ನನ್ನ ಮನಸ್ಸಿಗೂ ಸ್ವಲ್ಪ ಹಗುರವಾದೀತು ಎಂಬ ಆಸೆಯೂ ಇತ್ತು, ಸುಳ್ಳೇಕೆ.

ಅವರು ತಕ್ಕಡಿಯ ತಟ್ಟೆಯನ್ನು ಸೆರಗಿನಿಂದ ಒರೆಸಿದರು.

"ಮೆತ್ತಗೆ ಒತ್ತು ಅಂತ ನಾನೇ ಅಲ್ವೇನಪ್ಪ ಅಂದಿದ್ದು?"

"ಅಲ್ಲಮ್ಮ. ನೀವ್ ಅನ್ನೋಕ್ ಮುಂಚೆಯಿಂದ್ಲೂ ನಾನ್ ಹಂಗೇ ಒತ್ತುತ್ತಿದ್ದೆ."

"ನಾನು ಅಂದೆ" ಎಂದರು. "ನನ್ ಬಾಯಲ್ಲೇ ಬಂತು."

ಎಷ್ಟು ಹೇಳಿದರೂ ಅವರು ಒಪ್ಪಲಿಲ್ಲ. ಅಷ್ಟರಲ್ಲಿ ಯಾರೋ ಸಕ್ಕರೆ ಕೇಳಿ ಬಂದರು. ಅವರು ಎದ್ದು ತೂಗಿ ಕೊಟ್ಟರು. ನಾನು ಬಸ್ಸಿಗೆ ಹೊರಟೆ.