ಬೈಕು ಬಿಡದ ಸರೋಜ

ಸರೋಜ ಬೈಕು ಓಡಿಸಲು ಕಲಿತದ್ದು ಗದಗಿನ ಪೊಲೀಸ್ ಮೈದಾನದಲ್ಲಿ. ಅಪ್ಪ ಹೆಡ್ ಕಾನ್‌ಸ್ಟೇಬಲ್. ಅಣ್ಣನಿಗೆಂದು ತಂದ ಗಾಡಿಯನ್ನು ಅಣ್ಣ ಕೆಡವಿಕೊಂಡು, ಮೊಣಕಾಲು ಒಡೆದುಕೊಂಡು ಕೈಬಿಟ್ಟ ಮೇಲೆ ಅವಳು ಏರಿದಳು, ಮತ್ತೆ ಇಳಿಯಲಿಲ್ಲ. ಕೇಂದ್ರ ಸರ್ಕಾರದ ಕೆಲಸ ಸಿಕ್ಕಿ ಕೊಚ್ಚಿಗೆ ಬಂದಾಗ ಮೊದಲು ಕೊಂಡದ್ದೂ ಬೈಕನ್ನೇ. ವಿಲ್ಲಿಂಗ್ಡನ್ ಐಲ್ಯಾಂಡಿನ ಬಂದರು ರಸ್ತೆಯಲ್ಲಿ ಕಂಟೇನರ್ ಲಾರಿಗಳ ನಡುವೆ, ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದು ಹೋಗುವ ಈ ಹೆಂಗಸು ಗೇಟಿನ ಕಾವಲುಗಾರರಿಗೆಲ್ಲ ಪರಿಚಿತಳು. ಕರ್ನಾಟಕ ಚೇಚಿ, ಕರ್ನಾಟಕದ ಅಕ್ಕ, ಎಂದೇ ಕರೆಯುತ್ತಿದ್ದರು.

ಗಂಡ ವೀರಭದ್ರ ರಾಣೇಬೆನ್ನೂರಿನವನು, ತಿರುವನಂತಪುರದ ಒಂದು ಬ್ಯಾಂಕಿನಲ್ಲಿ ಅಧಿಕಾರಿ. ಶನಿವಾರ ರೈಲು ಹತ್ತಿ ಬಂದು ಸೋಮವಾರ ನಸುಕಿಗೆ ಹೊರಡುತ್ತಿದ್ದ. ಮಗಳು ಮಹತಿ ಅಮ್ಮನ ಜೊತೆ ಫೋರ್ಟ್ ಕೊಚ್ಚಿಯ ಬಾಡಿಗೆ ಮನೆಯಲ್ಲಿದ್ದು ಒಂಬತ್ತನೆಯ ಕ್ಲಾಸು ಓದುತ್ತಿದ್ದಳು. ಕನ್ನಡದಲ್ಲಿ ಕೇಳಿದ್ದಕ್ಕೆ ಮಲಯಾಳದಲ್ಲಿ ಉತ್ತರ ಕೊಡುವ ಹುಡುಗಿ.

ಸರೋಜಳ ದನಿ ಏರಿದ್ದನ್ನು ಕಚೇರಿಯಲ್ಲಿ ಯಾರೂ ಕೇಳಿರಲಿಲ್ಲ. ಮನೆಯಲ್ಲಿ ಜಗಳವಾದರೆ ಮಾತು ನಿಲ್ಲಿಸಿ ಪಾತ್ರೆ ತಿಕ್ಕಲು ಕೂತುಬಿಡುತ್ತಿದ್ದಳು. ಅಂಥವಳು ಒಬ್ಬ ಮನುಷ್ಯನ ಮುಖ ಒಡೆದಳು ಎಂದರೆ ನಂಬುವುದು ಅವಳನ್ನು ಬಲ್ಲವರಿಗೆ ಕಷ್ಟವಾಯಿತು.

ಅಂದು ಶನಿವಾರ. ಗಂಡ ಬರುವ ದಿನವೆಂದು ಬೆಳಿಗ್ಗೆಯೇ ತರಕಾರಿಗೆ ತೋಪ್ಪುಂಪಡಿಗೆ ಹೋಗಿದ್ದಳು. ಬಾಗಿಲು ಮುಚ್ಚಿದ್ದ ಅಂಗಡಿಯೊಂದರ ಪಕ್ಕದ ಓಣಿಯಲ್ಲಿ ಗಾಡಿ ನಿಲ್ಲಿಸಿ, ಹ್ಯಾಂಡಲ್ ಲಾಕ್ ಮಾಡಿ, ಹೆಲ್ಮೆಟ್ ಕೈಯಲ್ಲೇ ಹಿಡಿದು ಪೇಟೆ ಸುತ್ತಿದಳು. ಮರಳಿ ಬಂದಾಗ ಗಾಡಿಯ ಮೇಲೆ ಯಾರೋ ಕೂತಿದ್ದ. ಒಂದು ಪಾದವನ್ನು ಗೋಡೆಗೆ ಒತ್ತಿ, ಮೈಭಾರವನ್ನೆಲ್ಲ ಹಾಕಿ ಹ್ಯಾಂಡಲ್ ತಿರುವುತ್ತಿದ್ದ. ಒಳಗಿನ ಲಾಕ್ ಲಟಕ್ಕೆಂದು ಮುರಿದದ್ದು ಓಣಿಯ ಬಾಯಿಗೇ ಕೇಳಿಸಿತು. ಆಮೇಲೆ ಕೀಲಿ ಹಾಕುವ ತೂತಿಗೆ ಉಳಿಯಂಥ ಕಬ್ಬಿಣವೊಂದನ್ನು ಇಟ್ಟು ಸ್ಪ್ಯಾನರಿನಿಂದ ಬಡಿಯತೊಡಗಿದ. ಕೀಲಿ ಸ್ವಿಚ್ಚಿನ ಮೇಲಿನ ಮುಚ್ಚಳ ಹಾರಿ ಬಂದು ಅವಳ ಕಾಲ ಬಳಿ ಬಿತ್ತು.

"ಚೇಟ್ಟಾ, ಅದೆಂಡೆ ವಂಡಿಯಾ," ಎಂದಳು ಸರೋಜ. ಅಣ್ಣಾ, ಅದು ನನ್ನ ಗಾಡಿ ಎಂದು, ತಪ್ಪಿ ಬೇರೆಯವರ ಸೀಟಿನಲ್ಲಿ ಕೂತವನಿಗೆ ಬಸ್ಸಿನಲ್ಲಿ ಹೇಳುವಷ್ಟು ಮೆಲ್ಲಗೆ.

ಅವನು ತಿರುಗಿದ್ದೂ ಸ್ಪ್ಯಾನರ್ ಬೀಸಿದ್ದೂ ಒಟ್ಟಿಗೇ. ಮುಖಕ್ಕೆ ಬರುತ್ತಿದ್ದುದನ್ನು ಸರೋಜ ಎಡಗೈ ಎತ್ತಿ ತಡೆದಳು. ಮುಂಗೈ ಮೂಳೆ ಮುರಿಯಿತು. ಚೀಲ ಬಿದ್ದು ನುಗ್ಗೆಕಾಯಿ ಚೆಲ್ಲಿದವು. ಅವನು ಗಾಡಿಯನ್ನು ಸ್ಟ್ಯಾಂಡಿನಿಂದ ತಳ್ಳಿ ಇಳಿಜಾರಿನತ್ತ ಹೊರಳಿಸಿದ. ಮುರಿದ ಕೈಯನ್ನು ಎದೆಗೆ ಅವುಚಿಕೊಂಡೇ ಅವಳು ಹಿಂದಿನಿಂದ ಅವನ ಕಾಲರಿಗೆ ಬಾಯಿ ಹಾಕಿದಳು. ಬಟ್ಟೆ ಸಿಕ್ಕಲಿಲ್ಲ, ಕುತ್ತಿಗೆ ಸಿಕ್ಕಿತು. ಕಚ್ಚಿದಳು. ಬೆವರಿನ ಉಪ್ಪು, ಆಮೇಲೆ ರಕ್ತದ ರುಚಿ. ಅವನು ಮೊಣಕೈಯಿಂದ ಅವಳ ಪಕ್ಕೆಗೆ ಗುದ್ದಿದ, ಒಂದು ಕೈಯಲ್ಲಿ ಗಾಡಿ ಹಿಡಿದೇ ಇಳಿದು ಹೊಟ್ಟೆಗೆ ಒದ್ದ. ಗೋಡೆಗೆ ಬಡಿದು ತಲೆ ಗಿರ್ರೆಂದರೂ ಅವಳ ಬಲಗೈ ಹೆಲ್ಮೆಟ್ ಬಿಟ್ಟಿರಲಿಲ್ಲ. ಅದನ್ನೇ ಬೀಸಿದಳು.

ಮೊದಲ ಏಟಿಗೆ ಅವನ ಕೆನ್ನೆಯ ಮೂಳೆ ಒಡೆಯಿತು ಎಂದು ಆಮೇಲೆ ಡಾಕ್ಟರು ಬರೆದರು. ಅವನು ಬಿದ್ದ, ಬೈಕು ಅವನ ಕಾಲಿನ ಮೇಲೆ ಬಿತ್ತು. ಸ್ಪ್ಯಾನರ್ ಕೈತಪ್ಪಿ ಚರಂಡಿಗೆ ಹೋಯಿತು. ಅಲ್ಲಿಗೆ ಎಲ್ಲ ಮುಗಿದಿತ್ತು. ಆದರೆ ಸರೋಜ ನಿಲ್ಲಲಿಲ್ಲ. ಅವನ ಎದೆಯ ಮೇಲೆ ಮೊಣಕಾಲೂರಿ ಮತ್ತೆ ಹೊಡೆದಳು, ಮತ್ತೆ ಹೊಡೆದಳು. ಅವನು ಮುಖಕ್ಕೆ ಅಡ್ಡ ಹಿಡಿದ ಬೆರಳುಗಳ ಮೇಲೆ ಹೊಡೆದಳು. ಬೆರಳು ಸರಿದ ಮೇಲೆ ಕಣ್ಣಿನ ಮೇಲೆ ಹೊಡೆದಳು. ಹೊಡೆಯುವಾಗ ಬಾಯಿಂದ ಒಂದು ಮಾತೂ ಬರಲಿಲ್ಲ.

ಸದ್ದಿಗೆ ಪೇಟೆಯ ಹೊರೆಯಾಳುಗಳು ಓಡಿ ಬಂದು ಅವಳನ್ನು ಎತ್ತಿ ಬದಿಗೆ ಕೂರಿಸಿದರು. ಆಮೇಲೆ ಅವನನ್ನು ಎಳೆದುಕೊಂಡು ಹೋಗಿ ವಿದ್ಯುತ್ ಕಂಬಕ್ಕೆ ಕಟ್ಟಿದರು. ಬಾಳೆಗೊನೆ ಕಟ್ಟುವ ಹಗ್ಗ. ಕಂಡವರೆಲ್ಲ ಹೊಡೆದರು. ಬಸ್ಸಿಗೆ ಹೊರಟವರು ಬ್ಯಾಗು ಕೆಳಗಿಟ್ಟು ಬಂದು ಹೊಡೆದು ಹೋದರು. ಅವನು ಹಲ್ಲು ಉಗುಳಿದ. ಸರೋಜ ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಕೂತು ಎಲ್ಲವನ್ನೂ ನೋಡಿದಳು. ಸಾಕು ಎನ್ನಬೇಕೆಂದು ಅವಳಿಗೆ ತೋಚಲಿಲ್ಲ. ಕೊನೆಗೆ ಮೀನು ಮಾರುವ ಕೌಸಲ್ಯಾ ಎಂಬಾಕೆ ಮಂಜುಗಡ್ಡೆಯ ನೀರನ್ನು ಬಕೆಟ್ ಸಮೇತ ಗುಂಪಿನ ಮೇಲೆ ಎಸೆದು, ಕಂಬಕ್ಕೆ ಬೆನ್ನು ಕೊಟ್ಟು ನಿಂತಳು. ಇನ್ನು ಹೊಡೆಯುವವರು ನನ್ನನ್ನು ಹೊಡೆಯಿರಿ ಎಂದಳು. ಪೊಲೀಸರು ಬರುವವರೆಗೆ ಅವಳು ಅಲ್ಲಿಂದ ಕದಲಲಿಲ್ಲ.

ಅವನ ಹೆಸರು ಸಂದೀಪ್. ಬೋಟಿನ ಕೆಲಸ ಬಿಟ್ಟವನು, ಮೊದಲೂ ಎರಡು ಗಾಡಿ ಕದ್ದಿದ್ದ. ಠಾಣೆಯ ಅಧಿಕಾರಿ ಸರೋಜಳ ಧೈರ್ಯವನ್ನು ಹೊಗಳಿದ. ಬೈಕಿನ ಫೋಟೋ ತೆಗೆಸಿಕೊಂಡು, ಹೊಸ ಸ್ವಿಚ್ ಹಾಕಿಸುವಾಗ ಹಳೆಯದನ್ನು ಎಸೆಯಬೇಡಿ, ಸಾಕ್ಷ್ಯಕ್ಕೆ ಬೇಕು ಎಂದ.

ಮಧ್ಯಾಹ್ನದ ಹೊತ್ತಿಗೆ ವೀರಭದ್ರ ಆಸ್ಪತ್ರೆಗೆ ಬಂದ. ಪ್ಲಾಸ್ಟರ್ ಹಾಕಿದ ಕೈ ನೋಡಿ ಅವನ ಕಣ್ಣು ತುಂಬಿತು. ಭಾನುವಾರ ಮನೆಯಲ್ಲಿ, ಗೂಡಿನಲ್ಲಿದ್ದ ಬೈಕಿನ ಕೀಲಿ ತೆಗೆದುಕೊಂಡು, ಯಾರಿಗಾದರೂ ಇದ್ದ ಹಾಗೇ ಮಾರಿಬಿಡೋಣ, ಒಂದು ಸ್ಕೂಟಿ ಸಾಕು ಎಂದ. ಸರೋಜ ಎದ್ದು ಬಂದು ಅವನ ಮಣಿಕಟ್ಟು ಹಿಡಿದಳು.

"ಅವನ ಕೈಯಾಗಿಂದ ಕಸಕೊಂಡೀನಿ. ನಿಮ್ಮ ಕೈಯಾಗ ಕೊಡಾಕಲ್ಲ."

ಉಗುರು ಊರಿದ ಕಡೆ ರಕ್ತ ಜಿನುಗಿತು. ಅವನು ಕೀಲಿಯನ್ನು ಗೂಡಿನಲ್ಲಿ ಇಟ್ಟು ಬಚ್ಚಲಿಗೆ ಹೋಗಿ ಕೈ ತೊಳೆದುಕೊಂಡ. ಹದಿನೇಳು ವರ್ಷ ಸಂಸಾರ ಮಾಡಿದ ಹೆಂಡತಿಯನ್ನು ಕಂಡು ಭಯವಾದದ್ದು ಅದೇ ಮೊದಲು ಎಂದು ಎಷ್ಟೋ ದಿನದ ಮೇಲೆ ಅವಳಿಗೇ ಹೇಳಿದ.

ಸ್ವಿಚ್ ಬದಲಿಸಿದವನು ಕಮಲಾಕ್ಷ. ಕಾಸರಗೋಡಿನ ಕಡೆಯ ಕನ್ನಡಿಗ, ತೋಪ್ಪುಂಪಡಿ ಸೇತುವೆಯ ಹತ್ತಿರ ಗ್ಯಾರೇಜು ಇಟ್ಟವನು. ಗಾಡಿಯನ್ನು ಗೂಡ್ಸ್ ಆಟೋದಲ್ಲಿ ಹಾಕಿಸಿಕೊಂಡು ಸರೋಜಳೂ ಹೋದಳು. ಕೀಲಿಯ ತೂತು ಕಿತ್ತ ಹಲ್ಲಿನ ಗುಳಿಯ ಹಾಗೆ ಬಾಯಿ ಬಿಟ್ಟಿತ್ತು. ಕಮಲಾಕ್ಷ ದೀಪದ ಡೂಮ್ ಬಿಚ್ಚಿ, ವೈರುಗಳನ್ನು ಸರಿಸಿ ಒಳಗೆ ನೋಡಿದ. ಪೆಟ್ರೋಲ್ ಟ್ಯಾಂಕಿನ ಮುಚ್ಚಳಕ್ಕೂ ಇದಕ್ಕೂ ಒಂದೇ ಕೀಲಿಯಾದ್ದರಿಂದ ಪೂರಾ ಸೆಟ್ ತರಿಸಬೇಕು ಎಂದ.

"ಬೋಲ್ಟಿಗೆ ತಲೆಯೇ ಇಲ್ಲ ಅಕ್ಕ. ಕಳ್ಳರು ಬಿಚ್ಚಬಾರದೂಂತ ಕಂಪನಿಯವರೇ ಹಾಗೆ ಮಾಡುದು. ಕೊರೆದೇ ತೆಗೀಬೇಕಷ್ಟೆ."

ಸೆಟ್ ಬಂದ ದಿನ ಅವನು ಡ್ರಿಲ್ಲನ್ನು ಬೋಲ್ಟಿಗೆ ಒತ್ತಿದ. ಕಬ್ಬಿಣ ಕಬ್ಬಿಣವನ್ನು ತಿನ್ನುವ ಸದ್ದು ಎದ್ದು, ಚೂರುಗಳು ಸುರುಳಿ ಸುತ್ತಿ ಉದುರಿದವು. ಸರೋಜಳ ಕೈ ಕುರ್ಚಿಯ ಹಿಡಿಯನ್ನು ಬಿಗಿಯಿತು. ಕೆನ್ನೆಯ ಮೂಳೆ ಒಡೆದಾಗ ಹೆಲ್ಮೆಟ್ಟಿನಿಂದ ಅಂಗೈಗೆ ಹತ್ತಿದ ಅದುರು ಮತ್ತೆ ಅಂಗೈಯಲ್ಲಿ ಎದ್ದಿತು. ಅವಳಿಗೆ ಹೇಸಿಗೆಯಾಗಬೇಕಿತ್ತು. ಆಗಲಿಲ್ಲ, ಹಿತವಾಯಿತು. ಹಿತವಾದದ್ದು ಗೊತ್ತಾದ ಕೂಡಲೇ ಎದ್ದು ಹೊರಗೆ ಹೋಗಿ ಚರಂಡಿಯ ಪಕ್ಕ ವಾಂತಿ ಮಾಡಿದಳು. ಕಮಲಾಕ್ಷ ಡ್ರಿಲ್ ನಿಲ್ಲಿಸಿ ನೀರು ತಂದುಕೊಟ್ಟ. ಉಳಿದ ಬೋಲ್ಟನ್ನು ಅವಳನ್ನು ಎದುರಿನ ಚಹಾದಂಗಡಿಗೆ ಕಳಿಸಿದ ಮೇಲೆಯೇ ಕೊರೆದ. ಹೊಸ ಸ್ವಿಚ್ ಕೂರಿಸಿ, ವೈರು ಸೇರಿಸಿ, ಹೊಸ ಕೀಲಿ ತಿರುಗಿಸಿದಾಗ ಗಾಡಿ ಒಂದೇ ಸಲಕ್ಕೆ ಶುರುವಾಯಿತು. ಜಜ್ಜಿಹೋದ ಹಳೆಯದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಅವಳು ಠಾಣೆಗೆ ಕೊಟ್ಟು ಬಂದಳು.

ಅಷ್ಟರಲ್ಲಿ ಓಣಿಯ ಹೊಡೆದಾಟದ ವೀಡಿಯೊ ಒಂದು ಎಲ್ಲರ ಫೋನಿಗೂ ಬಂದಿತ್ತು. ಯಾರೋ ಎದುರು ಮನೆಯ ಮಹಡಿಯಿಂದ ತೆಗೆದದ್ದು. ಅದರಲ್ಲಿ ಸ್ಪ್ಯಾನರ್ ಇರಲಿಲ್ಲ, ಒದೆ ಇರಲಿಲ್ಲ. ಬಿದ್ದವನ ಎದೆಯ ಮೇಲೆ ಕೂತು ಹೊಡೆಯುವ ಹೆಂಗಸು ಮಾತ್ರ ಇದ್ದಳು. ಜನ ಚಪ್ಪಾಳೆಯ ಚಿತ್ರ ಹಾಕಿದರು. ಮಹತಿಯ ಶಾಲೆಯಲ್ಲಿ ಗೆಳತಿಯರು, ನಿನ್ನ ಅಮ್ಮ ಮಾಸ್ ಎಂದರು. ಮಹತಿ ಮನೆಗೆ ಬಂದು ಊಟ ಮುಟ್ಟಲಿಲ್ಲ. ಅಮ್ಮ ತಲೆ ಸವರಲು ಕೈ ಎತ್ತಿದರೆ ತಲೆ ಹಿಂದಕ್ಕೆಳೆದಳು. ಕೊನೆಗೆ ಮಲಯಾಳದಲ್ಲೇ ಕೇಳಿದಳು, ಅವನು ಬಿದ್ದ ಮೇಲೂ ಯಾಕೆ ಹೊಡೆದೆ ಎಂದು.

ಸರೋಜ ಎತ್ತಿದ ಕೈಯನ್ನು ಮಡಿಲಿಗೆ ಇಳಿಸಿದಳು.

"ನಿಲ್ಲಸಬೇಕು ಅನ್ನಸಲಿಲ್ಲ," ಎಂದಳು. "ಹೊಡಿಯೂದು ಛಲೋ ಅನಿಸ್ತು ಮಹತಿ. ಸುಳ್ಳು ಹೇಳಂಗಿಲ್ಲ ನಿನಗ."

ಮಗಳು ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮರುವರ್ಷ ಸರೋಜಳಿಗೆ ತಿರುವನಂತಪುರಕ್ಕೆ ವರ್ಗವಾಯಿತು. ಸಾಮಾನೆಲ್ಲ ಲಾರಿಯಲ್ಲಿ ಹೋದರೂ ಬೈಕನ್ನು ತಾನೇ ಓಡಿಸಿಕೊಂಡು ಹೋದಳು. ಮಹತಿ ಅಪ್ಪನ ಜೊತೆ ರೈಲಿನಲ್ಲಿ ಬಂದಳು. ಆ ಓಣಿಯ ಘಟನೆಯ ನಂತರ ಅವಳು ಅಮ್ಮನ ಹಿಂದೆ ಕೂತಿರಲಿಲ್ಲ.

ಮೊಕದ್ದಮೆ ವಿಚಾರಣೆಗೆ ಬಂದಾಗ ಸಾಕ್ಷಿ ಹೇಳಲು ಕೊಚ್ಚಿಗೆ ಹೋಗಬೇಕಾಯಿತು. ಸಂದೀಪ್ ಕಟಕಟೆಯಲ್ಲಿ ನಿಂತಿದ್ದ. ಬಲಗಣ್ಣಿನ ರೆಪ್ಪೆ ಅರ್ಧ ಮುಚ್ಚಿತ್ತು, ಆ ಕಡೆಯ ಕೆನ್ನೆ ಒಳಗೆ ಕುಸಿದಿತ್ತು. ಒಡೆದ ಸ್ವಿಚ್ಚನ್ನು ತೋರಿಸಿದರು, ತನ್ನದೇ ಎಂದಳು. ಅವನನ್ನು ಗುರುತಿಸಿದಳು, ಕೈ ಮುರಿದದ್ದನ್ನು ಹೇಳಿದಳು. ಪ್ರಾಣ ಉಳಿಸಿಕೊಳ್ಳಲು ಹೊಡೆದೆ ಎಂದಷ್ಟೇ ಹೇಳಿದರೆ ಸಾಕು ಎಂದು ಸರ್ಕಾರಿ ವಕೀಲರು ಮೊದಲೇ ತಿಳಿಸಿದ್ದರು. ಅವನ ಪರದ ವಕೀಲೆ ಎದ್ದು, ಕಣ್ಣಿಗೆ ಏಟು ಬಿದ್ದಾಗ ಅವನ ಕೈಯಲ್ಲಿ ಆಯುಧ ಇತ್ತೇ ಎಂದು ಕೇಳಿದಳು. ಇರಲಿಲ್ಲ ಎಂದಳು ಸರೋಜ. ಅವನು ಎದ್ದೇಳುವ ಸ್ಥಿತಿಯಲ್ಲಿದ್ದನೇ ಎಂದಳು ವಕೀಲೆ. ಇಲ್ಲ, ಗಾಡಿ ಅವನ ಮೇಲಿತ್ತು, ಅವನು ಬಿದ್ದ ಮೇಲೂ ಹೊಡೆದೆ, ಕಂಬಕ್ಕೆ ಕಟ್ಟಿದಾಗ ಬೇಡ ಎನ್ನಲೂ ಇಲ್ಲ ಎಂದಳು. ಸರ್ಕಾರಿ ವಕೀಲರು ಪೆನ್ನು ಮೇಜಿನ ಮೇಲೆ ಕುಕ್ಕಿದರು. ಸಂದೀಪ್ ಒಳ್ಳೆಯ ಕಣ್ಣಿನಿಂದ ಅವಳನ್ನೇ ನೋಡುತ್ತಿದ್ದ. ಆ ನೋಟದಲ್ಲಿ ದ್ವೇಷವಿತ್ತೋ ಬೇರೇನಿತ್ತೋ ಅವಳಿಗೆ ತಿಳಿಯಲಿಲ್ಲ.

ಅವನಿಗೆ ಶಿಕ್ಷೆಯಾಯಿತು, ಆದರೆ ಕಡಿಮೆ. ಸರೋಜಳ ಮೇಲೆ ಯಾರೂ ದೂರು ಕೊಡಲಿಲ್ಲ.

ಕೋರ್ಟಿನಲ್ಲಿ ಆದದ್ದನ್ನು ವೀರಭದ್ರನೇ ಮಗಳಿಗೆ ಹೇಳಿದ. ಮುಂದಿನ ಭಾನುವಾರ ಸರೋಜ ವಿಳಿಂಜಂ ಕಡೆ ಹೊರಟಾಗ ಮಹತಿಯೂ ಚಪ್ಪಲಿ ಮೆಟ್ಟಿಕೊಂಡು ಕೆಳಗೆ ಬಂದಳು. ಹಿಂದೆ ಕೂತು, ಮೆಲ್ಲಗೆ ಹೋಗಬೇಕು ಎಂದು ಮಲಯಾಳದಲ್ಲಿ ಷರತ್ತು ಹಾಕಿದಳು. ಸರೋಜ ಮೆಲ್ಲಗೇ ಹೋದಳು. ಬಂದರಿನ ಕ್ರೇನುಗಳು ಕಾಣುವ ತಿರುವಿನಲ್ಲಿ ಕರಿಕ್ಕು ಕುಡಿಯಲು ನಿಲ್ಲಿಸಿದರು. ಎಳನೀರಿನವನು ಮಚ್ಚು ಎತ್ತಿ ಕಾಯಿಯ ತಲೆಗೆ ಹೊಡೆದಾಗ ತಾಯಿ, ಮಗಳು ಇಬ್ಬರೂ ಮುಖ ತಿರುಗಿಸಿ ಕಡಲಿನತ್ತ ನೋಡಿದರು.