ಸಾಕಮ್ಮನ ಹಾಲು, ನನ್ನ ಕಲ್ಲುಬಾನಿ

ಸಾಕಮ್ಮ ಹಾಲು ಅಳೆಯುವ ಮುನ್ನ ಒಂದು ಗುಟುಕಿನಷ್ಟನ್ನು ಅಂಗೈಗೆ ಸುರಿದುಕೊಂಡು ಕುಡಿಯುತ್ತಿದ್ದರು. ಕಣ್ಣು ಮುಚ್ಚಿ ಒಂದು ಕ್ಷಣ ನಿಲ್ಲುವರು. ಆಮೇಲೆ ಹಸು ಹಿಂದಿನ ದಿನ ಏನು ತಿಂದಿತ್ತು ಎಂದು ಹೇಳುವರು. ಜೋಳದ ಹಸಿ ಕಡ್ಡಿ, ರಾಗಿ ಹುಲ್ಲು, ಹಿಂಡಿ ಸ್ವಲ್ಪ ಜಾಸ್ತಿ. ಆ ಹಾಲು ಕಾಫಿಗೆ ಸರಿಯೋ ಹೆಪ್ಪಿಗೆ ಸರಿಯೋ ಎಂಬ ತೀರ್ಪೂ ಜೊತೆಗೇ ಬರುತ್ತಿತ್ತು. ನಾನು ನಮ್ಮ ಗೇಟಿನ ಒಳಗಿನ ನಲ್ಲಿ ತೋರಿಸಿ, ಕೈ ತೊಳೆದ ಮೇಲೆಯೇ ಅಳೆಯಬೇಕು ಎಂದು ನಿಯಮ ಮಾಡಿದ್ದೆ. ಅವರು ನಗುತ್ತಲೇ ತೊಳೆಯುತ್ತಿದ್ದರು.

ದಟ್ಟಗಳ್ಳಿ ಇನ್ನೂ ಹಳ್ಳಿಯಾಗಿದ್ದಾಗ ಅವರ ಮನೆಯವರಿಗೆ ಎರಡೆಕರೆ ಹೊಲವಿತ್ತಂತೆ. ಈಗ ಅಲ್ಲಿ ಮೂರು ಅಡ್ಡರಸ್ತೆಗಳಿವೆ. ಉಳಿದ ಒಂದು ಮೂಲೆಯಲ್ಲಿ ತಗಡಿನ ಕೊಟ್ಟಿಗೆ, ಕೊಟ್ಟಿಗೆಯಲ್ಲಿ ಕೆಂಪಿ ಎಂಬ ಒಂದೇ ಹಸು. ಅದರ ಹಾಲು ಪಕ್ಕದ ರಾಮಕೃಷ್ಣನಗರದ ನಮ್ಮ ಬೀದಿಯ ಆರು ಮನೆಗೆ ಬರುತ್ತಿತ್ತು. ಬೆಳಿಗ್ಗೆ ಆರೂಕಾಲಿಗೆ ಬರಬೇಕೆಂದು ನಾನು ಹೇಳಿದ್ದೆ. ಮೂವತ್ತು ವರ್ಷ ಹುಡುಗರ ಹಾಸ್ಟೆಲಿನ ವಾರ್ಡನ್ ಆಗಿದ್ದವನು ನಾನು. ಗಂಟೆ ಹೊಡೆಯದೆ ಯಾವ ಕೆಲಸವೂ ಆಗುವುದಿಲ್ಲ ಎಂದು ನಂಬಿದವನು. ಸಾಕಮ್ಮನ ಬಳಿ ಗಡಿಯಾರವಿರಲಿಲ್ಲ, ಆದರೂ ಒಂದು ದಿನವೂ ತಡ ಮಾಡಲಿಲ್ಲ.

ಒಮ್ಮೆ ಅವರು ಹಾಲು ರುಚಿ ನೋಡಿ ಮುಖ ಕಿವುಚಿದರು. ಸಂತೆಯವರು ಬಿಟ್ಟುಹೋದ ಎಲೆಕೋಸಿನ ಎಲೆಯನ್ನು ಕೆಂಪಿ ಹೊಟ್ಟೆ ತುಂಬ ತಿಂದಿತ್ತಂತೆ. "ಇವತ್ತು ಕಾಫಿ ಕುಡ್ಕಳಿ ಸಾ, ಹೆಪ್ಪಾಕ್ಬೇಡಿ. ನಾಳೆ ಮೊಸ್ರು ತಿನ್ನಕಾಗಕಿಲ್ಲ" ಎಂದರು. ನಾನು ನಕ್ಕು ಹೆಪ್ಪು ಹಾಕಿಸಿದೆ. ಮಾರನೆಯ ದಿನ ಮೊಸರಿನ ಪಾತ್ರೆಯ ಮುಚ್ಚಳ ತೆಗೆದರೆ ಹಾಸ್ಟೆಲಿನ ಕೋಸಿನ ಪಲ್ಯದ ವಾಸನೆ. ನನ್ನ ಹೆಂಡತಿ ಪಾತ್ರೆಯನ್ನು ನನ್ನ ಮುಂದಿಟ್ಟು ಹೋದಳು. ಅಂದು ಸಾಕಮ್ಮ ಹೇಳಿದ ಮಾತು: "ಎಲ್ರೂ ಕೆಚ್ಚಲು ನೋಡ್ತರೆ ಸಾ. ಹಾಲಾಗೋದು ಬಾಯಲ್ಲಿ. ಅವ್ಳು ಕುಂತ್ಕಂಡು ಮೆಲುಕಾಕ್ದೆ ಇದ್ರೆ ಕೆನೆ ಎಲ್ಲಿಂದ ಬಂದದು?" ಎಷ್ಟೇ ಹಿಂಡಿ ಬೂಸಾ ಕೊಟ್ಟರೂ ಮೊದಲು ರಾಗಿ ಹುಲ್ಲು ಹೊಟ್ಟೆಗೆ ಬೀಳಬೇಕು ಎಂಬುದು ಅವರ ನಿಯಮ. ನಿಯಮಗಳಿರುವ ಜನ ನನಗೆ ಇಷ್ಟ. ಹಾಗಾಗಿ ಆ ಮಾತನ್ನು ಹಲವರಿಗೆ ಹೇಳಿದ್ದೆ ಕೂಡ. ಅರ್ಥ ಮಾತ್ರ ಮಾಡಿಕೊಂಡಿರಲಿಲ್ಲ.

ನಿವೃತ್ತಿಯ ನಂತರ ಪ್ರತಿ ಭಾನುವಾರ ಎಂಟು ಗಂಟೆಗೆ ಸಾಕಮ್ಮನ ಎರಡು ಲೀಟರ್ ಹಾಲು ಒಡೆಸಿ ಪನೀರ್ ಮಾಡುವ ಅಭ್ಯಾಸ ಹಿಡಿದಿದ್ದೆ. ಅದನ್ನು ಬಟ್ಟೆಯಲ್ಲಿ ಕಟ್ಟಿ, ಮೇಲೆ ಗುಂಡುಕಲ್ಲು ಹೇರಿ, ಹತ್ತು ಗಂಟೆಗೆ ತೂಗಿ, ತೂಕವನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದೆ. ಮುನ್ನೂರು ಗ್ರಾಮಿನ ಆಚೀಚೆ ಬರುತ್ತಿತ್ತು. ಚಾಕುವಿನಲ್ಲಿ ಕೊಯ್ದರೆ ಅಂಚು ನೆಟ್ಟಗೆ ನಿಲ್ಲುತ್ತಿತ್ತು. ಸಾಕಮ್ಮನಿಗೆ ಒಂದು ತುಂಡು ಕೊಟ್ಟರೆ, "ಇದೇನ್ ಸಾ, ಉಪ್ಪಿಲ್ಲ ಸಪ್ಪಿಲ್ಲ, ಗಿಣ್ಣಾರಾ ಆಗಿದ್ರೆ ಬೆಲ್ಲ ಇರ್ತಿತ್ತು" ಎಂದು ಹಾಸ್ಯ ಮಾಡಿ ತಿನ್ನುವರು.

ಅದೇ ಸಮಯದಲ್ಲಿ ನಾನೊಂದು ಒಳ್ಳೆಯ ಕೆಲಸಕ್ಕೆ ಕೈ ಹಾಕಿದೆ. ನಮ್ಮ ಬೀದಿಯ ಕೊನೆಯಲ್ಲಿ ಹೆಣ್ಣುಮಕ್ಕಳ ಪಿ.ಜಿ. ಇದೆ. ಅಲ್ಲಿ ದಿನವೂ ಅನ್ನ ಮಿಕ್ಕಿ ಚರಂಡಿ ಪಾಲಾಗುತ್ತಿತ್ತು. ಹಾಸ್ಟೆಲಿನಲ್ಲಿ ಒಂದು ಅಗುಳು ಬಿಟ್ಟರೂ ಹುಡುಗರನ್ನು ನಿಲ್ಲಿಸುತ್ತಿದ್ದ ನನಗೆ ಅದನ್ನು ನೋಡುವುದಕ್ಕಾಗಲಿಲ್ಲ. ಒಂದು ಕಲ್ಲುಬಾನಿ ತರಿಸಿ ನಮ್ಮ ಕಾಂಪೌಂಡಿನ ಪಕ್ಕದ, ಗೇಟಿನಿಂದ ಕಾಣದ ಓಣಿಯಲ್ಲಿ ಇಡಿಸಿದೆ. 'ಗೋವುಗಳಿಗೆ ಮಾತ್ರ' ಎಂದು ಹಲಗೆ ಬರೆಸಿದೆ. ಮಧ್ಯಾಹ್ನ ನಾಲ್ಕಕ್ಕೆ ಸರಿಯಾಗಿ ಪಿ.ಜಿ.ಯ ಒಂದು ಬಕೆಟ್ ಅನ್ನ ಬಾನಿಗೆ ಬೀಳುತ್ತಿತ್ತು. ನಾಲ್ಕಕ್ಕೆ ಸರಿಯಾಗಿ ಕೆಂಪಿಯೂ ಬರುತ್ತಿತ್ತು. ಸಾಕಮ್ಮ ಆ ಹೊತ್ತಿಗೆ ಅದನ್ನು ಖಾಲಿ ಸೈಟುಗಳಲ್ಲಿ ಮೇಯಲು ಬಿಟ್ಟು ಕೆರೆಯ ಕಡೆ ಹುಲ್ಲಿಗೆ ಹೋಗುತ್ತಿದ್ದರು. ಇಷ್ಟು ಶಿಸ್ತಿನ ಹಸುವನ್ನು ನಾನು ನೋಡಿಯೇ ಇಲ್ಲ ಎಂದು ಹೆಂಡತಿಯ ಹತ್ತಿರ ಹೇಳಿಕೊಂಡು ಹಿಗ್ಗಿದೆ.

ಕೆಲವು ವಾರಗಳಲ್ಲಿ ಕ್ಯಾಲೆಂಡರಿನ ಅಂಕಿ ಇಳಿಯತೊಡಗಿತು. ಇನ್ನೂರ ಎಂಬತ್ತು, ಇನ್ನೂರ ಅರವತ್ತು, ಇನ್ನೂರ ನಲವತ್ತು. ಪನೀರ್ ಚಾಕುವಿಗೆ ಅಂಟಿಕೊಂಡು ಪುಡಿಯಾಗುತ್ತಿತ್ತು. ಕಾಯಿಸಿದ ಹಾಲಿನ ಮೇಲೆ ಕೆನೆ ಇಲ್ಲ. ಸಾಕಮ್ಮನೂ ರುಚಿ ನೋಡಿ ತೀರ್ಪು ಹೇಳದೆಯೇ ಹಾಲು ಅಳೆಯತೊಡಗಿದ್ದರು. ಒಂದು ದಿನ ಅವರೇ ಕೇಳಿದರು, ಈ ಬೀದಿಯಲ್ಲಿ ಯಾರಾದರೂ ಎಂಜಲು ಮುಸುರೆ ರಸ್ತೆಗೆ ಹಾಕುತ್ತಾರೆಯೇ, ಕೆಂಪಿ ಸಂಜೆ ಹುಲ್ಲು ಮುಟ್ಟುತ್ತಿಲ್ಲ, ಸಗಣಿಯೂ ನೀರಾಗಿದೆ, ಎಂದು. ನನಗೆ ಸಿಟ್ಟು ಬಂತು. ನಮ್ಮ ಬೀದಿಯವರು ರಸ್ತೆಗೆ ಎಂಜಲು ಹಾಕುವವರಲ್ಲ ಎಂದೆ. ಬಾನಿಯ ಅನ್ನ ಎಂಜಲು ಎಂದು ನನಗೆ ಹೊಳೆಯಲೇ ಇಲ್ಲ. ಪಾತ್ರೆಯಲ್ಲಿ ಮಿಕ್ಕ ಶುದ್ಧ ಅನ್ನವಲ್ಲವೇ ಅದು.

ಮುಂದಿನ ಸೋಮವಾರ ಹಾಸ್ಟೆಲ್ ಕಾಲದ ಲ್ಯಾಕ್ಟೋಮೀಟರ್ ತೆಗೆದೆ. ಹಾಲಿಗೆ ನೀರು ಬೆರೆತಿದ್ದರೆ ಆ ಗಾಜಿನ ಕೊಳವೆ ಹೆಚ್ಚು ಮುಳುಗುತ್ತದೆ. ಬೀದಿಯವರು ಪಾತ್ರೆ ಹಿಡಿದು ನಿಂತಿರುವಾಗಲೇ ಗೇಟಿನ ಹತ್ತಿರ ಅದನ್ನು ಹಾಲಿಗೆ ಬಿಟ್ಟೆ. ಅದು ಮುಳುಗಲಿಲ್ಲ; ಒಳ್ಳೆಯ ಹಾಲಿನಲ್ಲಿ ನಿಲ್ಲಬೇಕಾದ ಗೆರೆಯಲ್ಲೇ ನಿಂತಿತು. ನಾನು ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ನೀರು ಹಾಕಿ ಅದು ಗೊತ್ತಾಗದಂತೆ ಸಕ್ಕರೆ ಕರಗಿಸುವವರನ್ನು ಹಾಸ್ಟೆಲಿನಲ್ಲಿ ಹಿಡಿದಿದ್ದೆ. ಆ ಹಳೆಯ ಜಾಣತನ ತಲೆಗೇರಿತು.

"ನೀರು ಹಾಕಿದ್ದೀಯ, ಮೇಲೆ ಸಕ್ಕರೆ ಬೆರೆಸಿದ್ದೀಯ" ಎಂದೆ. ಅಲ್ಲಿಯವರೆಗೆ ಅವರನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದವನು ನಾನು.

ಸಾಕಮ್ಮ ಕೊಳವೆಯನ್ನೂ ನನ್ನನ್ನೂ ನೋಡಿದರು. "ನೀರಿಲ್ಲ ಸಾ. ಹಸ ಮೆಲುಕಾಕ್ತಾ ಇಲ್ಲ. ಯಾಕಂತ ನಂಗೂ ಗೊತ್ತಾಯ್ತಿಲ್ಲ" ಎಂದರು. ಆಮೇಲೆ ಎಲ್ಲರಿಗೂ ಕೇಳುವಂತೆ ಇನ್ನೊಂದು ಮಾತು ಸೇರಿಸಿದರು: "ನಾನು ನೀರಾಕೋ ಎಂಗ್ಸಲ್ಲ." ಆ ವಾರವೇ ನಾಲ್ಕು ಮನೆಯವರು ಪ್ಯಾಕೆಟ್ ಹಾಲಿಗೆ ಹೋದರು. ವಾರ್ಡನ್ ಸಾರ್ ಪರೀಕ್ಷೆ ಮಾಡಿ ಹೇಳಿದ್ದಾರೆ ಎಂಬುದೇ ಕಾರಣ.

ಹದಿನೈದು ದಿನ ಕಳೆದಿರಬಹುದು, ಪಿ.ಜಿ.ಯಲ್ಲಿ ಏನೋ ಸಮಾರಂಭ ನಡೆದು ಮೂರು ಬಕೆಟ್ ಅನ್ನ ಬಾನಿಗೆ ಬಿತ್ತು. ಮರುದಿನ ಬೆಳಿಗ್ಗೆ ಕೆಂಪಿ ಕೊಟ್ಟಿಗೆಯಿಂದ ಏಳಲಿಲ್ಲ. ವಾಕಿಂಗಿಗೆ ಹೋಗಿದ್ದ ನಾನು ಅಲ್ಲಿ ಜನ ಸೇರಿದ್ದನ್ನು ಕಂಡು ನಿಂತೆ. ಪಶುವೈದ್ಯರು ಹಸುವಿನ ಹೊಟ್ಟೆಯ ಎಡಗಡೆ ಕೈಯಿಟ್ಟು ನೋಡಿ, ಇದಕ್ಕೆ ದಿನವೂ ಯಾರೋ ಬೇಯಿಸಿದ ಅನ್ನ ಹಾಕಿದ್ದಾರೆ, ಅದು ಹೊಟ್ಟೆಯಲ್ಲಿ ಹುಳಿಯಾಗಿ ಮೆಲುಕು ನಿಂತಿದೆ ಎಂದರು. ಹಾಲಿನ ಜಿಡ್ಡು ಇಳಿದಿರಬೇಕಲ್ಲ ಎಂದೂ ಕೇಳಿದರು. ಸಾಕಮ್ಮ ಹಸುವಿನ ಕತ್ತು ನೀವುತ್ತಾ ಸುತ್ತ ನಿಂತವರನ್ನೆಲ್ಲ ನೋಡಿದರು. "ಯಾರ್ ಸಾಮಿ ಅನ್ನ ಆಕಿದ್ದು? ಪುಣ್ಯ ಬರ್ಲಿ ಅಂತ್ಲೇ ಆಕಿರ್ತರೆ. ಹೇಳ್ಬುಡಿ, ಬಯ್ಯಕಿಲ್ಲ."

ನಾನು ಹೇಳಲಿಲ್ಲ. ನೇರವಾಗಿ ಮನೆಗೆ ಬಂದೆ. ಬಾನಿಯನ್ನು ಪೊರಕೆ ಹಾಕಿ ಉಜ್ಜಿ ತೊಳೆದೆ, ಕವುಚಿ ಹಾಕಿದೆ. ಹಲಗೆ ಕಿತ್ತು ಸ್ಟೋರ್ ರೂಮಿನಲ್ಲಿಟ್ಟೆ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹೆಂಡತಿ ಒಂದೇ ಮಾತು ಕೇಳಿದಳು, "ಹಾಸ್ಟೆಲಿನ ಹುಡುಗ ಹೀಗೆ ಮಾಡಿದ್ದರೆ ಏನು ಮಾಡ್ತಿದ್ರಿ?"

ಕೆಂಪಿ ಬದುಕಿತು. ಆದರೆ ಅದೇ ಹುಳಿಯಿಂದ ಗೊರಸು ನೋವಾಗಿ ಕುಂಟತೊಡಗಿತು, ಹಾಲು ಬತ್ತಿತು. ಇನ್ನು ಈ ಬೀದಿಗಳಲ್ಲಿ ಹಸು ಸಾಕುವುದಕ್ಕಾಗದು ಎಂದು ಸಾಕಮ್ಮ ಅದನ್ನು ಕರೆದುಕೊಂಡು ತಂಗಿಯ ಊರಿಗೆ ಹೊರಟರು. ಹೊರಡುವ ಹಿಂದಿನ ದಿನ ನಾನು ಕೊಟ್ಟಿಗೆಗೆ ಹೋದೆ. ಅಲ್ಲಿ ಇನ್ನಾರೂ ಇರಲಿಲ್ಲ. ಅದನ್ನು ಖಚಿತಪಡಿಸಿಕೊಂಡೇ ಒಳಗೆ ಕಾಲಿಟ್ಟೆ. ಬಾನಿಯ ವಿಷಯ ಹೇಳಿದೆ. ತೊಳೆದು ಕವುಚಿದ್ದನ್ನೂ ಹೇಳಿದೆ.

ಅವರು ಹುಲ್ಲಿನ ಕಂತೆ ಕಟ್ಟುವುದನ್ನು ನಿಲ್ಲಿಸಿ, "ಎಷ್ಟೊತ್ಗೆ ಆಕ್ತಿದ್ರಿ?" ಎಂದರು.

"ನಾಲ್ಕು ಗಂಟೆಗೆ."

"ಅದ್ಕೇಯ ಇವ್ಳು ಬುಟ್ಟ ಏಟ್ಗೆ ಓಡ್ತಿದ್ದದ್ದು. ನಾನು ಎಲ್ಲೋ ಗರ್ಕೆ ಸಿಕ್ಕದೆ ಅಂದ್ಕಂಡಿದ್ದೆ" ಎಂದು ಕೆಂಪಿಯ ಕಡೆ ತಿರುಗಿ, ಅನ್ನದಲ್ಲಿ ಉಪ್ಪು ಇತ್ತೇ, ಸಾರು ಬೆರೆತಿತ್ತೇ ಎಂದೆಲ್ಲ ಅದನ್ನೇ ವಿಚಾರಿಸಿದರು. ನನ್ನನ್ನು ಬಯ್ಯಲಿಲ್ಲ. ತಪ್ಪಾಯಿತು ಎಂದೆ. ಆಗ ಮಾತ್ರ ನನ್ನ ಮುಖ ನೋಡಿದರು.

"ನಂಗೇಳಿ ಏನ್ ಬಂತು ಸಾ? ನಾನು ನೀರಾಕ್ನಿಲ್ಲ ಅನ್ನದು ನಂಗೊತ್ತಿತ್ತು. ಹೇಳ್ಬೇಕಾದ್ದು ಆ ನಾಕು ಮನೆಯೋರ್ಗೆ."

ಹೇಳುತ್ತೇನೆ ಎಂದು ಮಾತು ಕೊಟ್ಟು ಬಂದೆ. ಆದರೆ ನಾಳೆ ನಾಳೆ ಎನ್ನುತ್ತಲೇ ವರ್ಷ ಕಳೆಯಿತು. ಹಾಸಿಗೆ ಮಡಿಸುವುದನ್ನೂ ಒಂದು ದಿನ ಮುಂದೂಡದ ನಾನು ಇದನ್ನು ಮುಂದೂಡಿದೆ. ಕೊಟ್ಟಿಗೆಯಿದ್ದ ಮೂಲೆಯಲ್ಲಿ ಮನೆ ಎದ್ದಿತು. ಮೊನ್ನೆ ಬೀದಿಯಲ್ಲಿ ಯಾವುದೋ ಮಾತಿಗೆ ಸಾಕಮ್ಮನ ಹೆಸರು ಬಂತು. ಮೂರನೇ ಮನೆಯ ಹೆಣ್ಣುಮಗಳು, "ಓ, ನೀರು ಹಾಕ್ತಿದ್ರಲ್ಲ, ಅವ್ರಾ?" ಎಂದಳು. ಅವಳ ದನಿಯಲ್ಲಿ ಕೋಪವಿರಲಿಲ್ಲ. ಅಡ್ಡರಸ್ತೆಯ ಗುರುತು ಹೇಳುವಂತೆ ಹೇಳಿದಳು.

ಅವಳ ಗೇಟಿನಲ್ಲೇ ನಿಂತು ಎಲ್ಲ ಹೇಳಿದೆ. ಅವಳು ಕೇಳಿಸಿಕೊಂಡು, ಪಾಪ ಎಂದು, ಒಲೆಯ ಮೇಲೆ ಪ್ಯಾಕೆಟ್ ಹಾಲು ಇಟ್ಟಿದ್ದೇನೆ ಎಂದು ಒಳಗೆ ಹೋದಳು. ಪಕ್ಕದ ಮನೆಗೆ ಹೋದೆ, ಅದರ ಪಕ್ಕದ ಮನೆಗೆ ಹೋದೆ. ಆ ನಾಲ್ಕರಲ್ಲಿ ಕಡೆಯ ಮನೆಯಲ್ಲಿ ಹಳಬರಿಲ್ಲ. ಹೊಸದಾಗಿ ಬಾಡಿಗೆಗೆ ಬಂದ ಚಿಕ್ಕ ವಯಸ್ಸಿನ ಗಂಡ ಹೆಂಡತಿ ಇದ್ದಾರೆ. ಸಾಕಮ್ಮನನ್ನು ಅವರು ಕಂಡೇ ಇಲ್ಲ. ಆ ಹುಡುಗ ಬಾಗಿಲು ತೆರೆದು, ಏನು ಅಂಕಲ್ ಎಂದ. ಈ ಬೀದಿಗೆ ಸಾಕಮ್ಮ ಎಂಬವರು ಹಾಲು ತರುತ್ತಿದ್ದರು, ಅವರು ಅದಕ್ಕೆ ಒಂದು ತೊಟ್ಟು ನೀರೂ ಹಾಕುತ್ತಿರಲಿಲ್ಲ ಎಂದು ಅವನಿಗೂ ಹೇಳಿದೆ.