ಹಾಸು ಚಾಚಿದ ಓಣಿ

ಮೊನ್ನೆ ಮೊಮ್ಮಗಳ ಹತ್ತಿ ಸೀರೆಗೆಂದು ಗಂಜಿ ಕಾಯಿಸಿಟ್ಟು ಮರೆತುಬಿಟ್ಟೆ. ಎರಡು ದಿನ ಬಿಟ್ಟು ಮುಚ್ಚಳ ತೆಗೆದರೆ ಹುಳಿತು ಹೋಗಿತ್ತು. ಆ ವಾಸನೆಗೆ ನನ್ನ ಕೈ ಹಾಗೇ ನಿಂತಿತು. ಆಳಂದದ ನಮ್ಮ ನೇಕಾರರ ಓಣಿ ಬೆಳಗಿನ ಹೊತ್ತು ಇದೇ ವಾಸನೆ ಹೊಡೆಯುತ್ತಿತ್ತು... ಎದುರುಮನೆ ಕಾಕಿಯ ಕೈಗಳೂ.

ಇಜೇರಿಯಿಂದ ಮದುವೆಯಾಗಿ ಆ ಓಣಿಗೆ ಬಂದಾಗ ನನಗೆ ಹದಿನಾರು. ನಿಜಾಮನ ರಾಜ್ಯದ ಕೊನೆಯ ದಿನಗಳು. ಕಾಕಿಗೆ ಮೂವತ್ತೂ ಇರಲಿಲ್ಲ. ಗಂಡ ತೀರಿಕೊಂಡ ಮೇಲೆ ಮಗ್ಗವನ್ನು ತಾನೇ ನಡೆಸುತ್ತಿದ್ದಳು. ಬಿಸಿಲೇರುವ ಮುಂಚೆ ಸೀರೆಯ ಹಾಸನ್ನು, ಅಂದರೆ ಉದ್ದಕ್ಕೆ ಬರುವ ಎಳೆಗಳನ್ನು, ಬಾವಿಯಿಂದ ಬೇವಿನಮರದವರೆಗೆ ಗೂಟಕ್ಕೆ ಬಿಗಿದು ಚಾಚುತ್ತಿದ್ದಳು. ಗಂಜಿ ಸವರಿ, ಕುಂಚದಿಂದ ತೀಡುತ್ತ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದಳು. ಅಷ್ಟು ಹೊತ್ತು ಎತ್ತಿನ ಬಂಡಿಗಳು ಊರ ಹೊರಗಿನ ದಾರಿ ಹಿಡಿಯುತ್ತಿದ್ದವು, ಯಾರೂ ಹೇಳಬೇಕಿರಲಿಲ್ಲ. ಹಾಸಿನ ಬದಿಯಲ್ಲೇ ಒಬ್ಬಳು ಮೆಣಸಿನಕಾಯಿ ಹರವುತ್ತಿದ್ದಳು, ಇನ್ನೊಬ್ಬಳು ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದಳು. ಕಾಕಿಯ ಐದು ವರ್ಷದ ಮಗಳು ಎಳೆಗಳ ಕೆಳಗೆ ನುಸುಳಿ ನಮ್ಮ ಮನೆಗೆ ಓಡಿಬರುತ್ತಿದ್ದಳು. ತವರು ನೆನಪಾದಾಗಲೆಲ್ಲ ನಾನು ಅವಳನ್ನೇ ಕರೆಯುತ್ತಿದ್ದೆ.

ಆ ವರ್ಷ ಒಬ್ಬ ಗುತ್ತೇದಾರ, ಸರ್ಕಾರ ರೈತರಿಂದ ವಸೂಲು ಮಾಡುತ್ತಿದ್ದ ಜೋಳ ಸಾಗಿಸಲು ಲಾರಿ ತಂದ. ಬಂಡಿದಾರಿ ಸುತ್ತಾಗುತ್ತದೆಂದು ನಮ್ಮ ಓಣಿಯಲ್ಲೇ ನುಗ್ಗಿಸತೊಡಗಿದರು. ಮೊದಮೊದಲು ಹಾರ್ನ್ ಹೊಡೆದು ಕಾಯುತ್ತಿದ್ದರು. ಆಮೇಲೆ ಕಾಯುವುದನ್ನೂ ಬಿಟ್ಟರು. ಎರಡು ಸಲ ಕಾಕಿಯ ಹಾಸು ಹರಿಯಿತು. ಎಳೆ ಎಳೆ ಹುಡುಕಿ ಗಂಟು ಹಾಕುತ್ತ ಕೂತಳೇ ಹೊರತು ಯಾರನ್ನೂ ಬೈಯಲಿಲ್ಲ.

ಅದೊಂದು ಬೆಳಗ್ಗೆ ನಾನು ಶೇಂಗಾ ಹೋಳಿಗೆ ಮಾಡಿದ್ದೆ. ಕಟ್ಟೆಯ ಮೇಲೆ ನಿಂತು ಆ ಹುಡುಗಿಯನ್ನು ಕೂಗಿದೆ.

"ಬಾ ಬೇ ತಂಗಿ, ಹೋಳಿಗಿ ಬಿಸಿ ಅದ!"

ಅವಳು ನಗುತ್ತ ಓಡಿದಳು. ತಿರುವಿನಿಂದ ಲಾರಿ ಬಂತು...

ನನ್ನ ಕೈಯಲ್ಲಿದ್ದ ಹೋಳಿಗೆ ಇನ್ನೂ ಆರಿರಲಿಲ್ಲ.

ಮಣ್ಣು ಮಾಡಿದ ಐದನೆಯ ದಿನ ಕಾಕಿ ಗೂಟಗಳನ್ನು ಹೊರಗೆ ತಂದು ಹಾಸು ಚಾಚಿದಳು. ಲಾರಿ ಬಂದು ಹಾರ್ನ್ ಹೊಡೆಯಿತು. ಅವಳು ತಿರುಗಿಯೂ ನೋಡದೆ ಗಂಜಿ ಸವರುತ್ತಲೇ ಇದ್ದಳು. ನನಗೇನಾಯಿತೋ, ಒಳಗೆ ಮಲಗುವ ಹಗ್ಗದ ಹೊರಸು ಎಳೆದು ತಂದು ಲಾರಿಯ ಮುಂದೆ ಅಡ್ಡ ಹಾಕಿ ಕೂತೆ. ಅತ್ತೆ ಬಾಗಿಲಲ್ಲಿ ನಿಂತು ಒಂದೇ ಸಮನೆ ಬೈದರು. ಆಮೇಲೆ ಅವರೇ ಮೊರ ಹಿಡಿದು ಬಂದು, ನನ್ನ ಪಕ್ಕ ಕೂತು ಜೋಳ ಹಸನು ಮಾಡತೊಡಗಿದರು. ಒಬ್ಬೊಬ್ಬರೇ ಎದ್ದು ಬಂದರು. ಮಧ್ಯಾಹ್ನದ ಹೊತ್ತಿಗೆ ಓಣಿಯ ಹೆಂಗಸರೆಲ್ಲ ತಂತಮ್ಮ ಕೆಲಸ ಹೊತ್ತು ಹೊರಗಿದ್ದರು.

ಠಾಣೆಯಿಂದ ಅಮೀನ ಬಂದ. "ರಸ್ತಾ ಸರ್ಕಾರದ್ದು. ಬಂದ್ ಮಾಡ್ಲಾಕ ನೀವ್ಯಾರು?" ಎಂದು ಗದರಿದ.

ಕಾಕಿ ಕುಂಚ ಕೆಳಗಿಡಲಿಲ್ಲ. "ರಸ್ತಾ ಸರ್ಕಾರದ್ದು ಇರ್ಲಿ ಸಾಹೇಬ್ರ. ಓಣಿ ನಮ್ಮದದ. ಸುತ್ತು ಹಾಕಿ ಹೋದ್ರ ನಿಮ್ಮ ಜೋಳ ಸಾಯಂಗಿಲ್ರಿ."

ಅಮೀನ ಬಂದ ದಾರಿಯಲ್ಲೇ ತಿರುಗಿ ಹೋದ. ಹನ್ನೊಂದು ದಿನ ಹಾಗೇ ಕೂತೆವು. ಹನ್ನೆರಡನೆಯ ದಿನ ಲಾರಿ ಬರಲಿಲ್ಲ. ಬಂಡಿದಾರಿಯಲ್ಲಿ ಧೂಳೆಬ್ಬಿಸುತ್ತ ಹೋದದ್ದು ಕಂಡಿತು. ನಿಧಾನಕ್ಕೆ ಮಕ್ಕಳು ಹೊರಗೆ ಬಂದವು, ಬೇವಿನಮರದ ಕೆಳಗೆ ಕುಂಟಾಬಿಲ್ಲೆ ಶುರುವಾಯಿತು. ಕಾಕಿ ಹೊಸ್ತಿಲಲ್ಲಿ ಕೂತು ನೋಡುತ್ತಿದ್ದಳು. ಮಗ್ಗದ ಮೇಲಿದ್ದ ಸೀರೆ ನೇಯ್ದು ಮುಗಿಸಿದಳು. ಮತ್ತೆ ಹಾಸು ಹೂಡಲಿಲ್ಲ.

ಮರುವರ್ಷ ಗಲಾಟೆ ಹೆಚ್ಚಿತು. ನಿಜಾಮನ ಪರವಾಗಿ ಬಂದೂಕು ಹಿಡಿದವರಿಗೆ ಹೆದರಿ ಮನೆ ಮನೆಗಳೇ ಸೊಲ್ಲಾಪುರದ ಕಡೆ ಗಡಿ ದಾಟುತ್ತಿದ್ದವು. ಕಾಕಿಯೂ ಅಣ್ಣನ ಜೊತೆ ಹೊರಟು ನಿಂತಳು. ಅವಳ ಗಂಟು ಎತ್ತಿಕೊಡುವಾಗ, ಅಷ್ಟು ದಿನ ಗಂಟಲಲ್ಲೇ ಉಳಿದದ್ದನ್ನು ಹೇಳಿಬಿಟ್ಟೆ.

"ಕಾಕಿ, ಅವತ್ತ ಆಕಿಗಿ ನಾನೇ ಕರದಿದ್ದೆರಿ..."

"ಗೊತ್ತದ ಬೇ. ನಂಗ ಕೇಳ್ಸಿತ್ತು." ನನ್ನ ತಲೆಯ ಮೇಲೆ ಕೈಯಿಟ್ಟಳು. "ಓಣಿ ನಮ್ಮದದ, ಅಂಜಬ್ಯಾಡ ಅಂತ ಆಕಿಗಿ ಕಲಿಸ್ದಾಕಿ ನಾನು. ಅದಕ್ಕ ಆಕಿ ಹೊಳ್ಳಿ ನೋಡ್ಲಿಲ್ಲ."

ಅಷ್ಟೇ. ಬಂಡಿ ಹತ್ತಿದಳು. ಸೊಲ್ಲಾಪುರದ ಯಾವುದೋ ಗಿರಣಿಯಲ್ಲಿದ್ದಾಳೆಂದು ಒಮ್ಮೆ ಯಾರೋ ಅಂದರು... ಮತ್ತೆ ಸುದ್ದಿ ಬರಲಿಲ್ಲ.

ಈಗ ಓಣಿಗೆ ಡಾಂಬರು ಬಿದ್ದಿದೆ. ಬೇವಿನಮರ ಇಲ್ಲ, ಬಾವಿಗೆ ಕಲ್ಲುಚಪ್ಪಡಿ ಮುಚ್ಚಿದ್ದಾರೆ. ಜೀಪು, ಟಂಟಂ, ಮೋಟಾರ್ ಸೈಕಲ್ಲುಗಳಿಗೆ ಹಗಲಿಡೀ ಬಿಡುವಿಲ್ಲ. ಹೊರಗೆ ಹೊರಸು ಹಾಕುವ ಮಾತೇ ಇಲ್ಲ. ಹನ್ನೊಂದು ದಿನ ಕೂತವರಲ್ಲಿ ನಾನೊಬ್ಬಳೇ ಉಳಿದಿದ್ದೇನೆ. ಮೊಮ್ಮಗಳ ಪುಟ್ಟ ಮಗಳು ಎದುರಿನ ಮನೆಯಲ್ಲಿ ಆಡಲು ಹೋದರೆ ನಾನು ಈಚೆಯಿಂದ ಕೂಗುವುದಿಲ್ಲ. ಊಟ ಆರಿದರೆ ಆರಲಿ. ಕೋಲೂರಿಕೊಂಡು ನಾನೇ ದಾಟಿ ಹೋಗುತ್ತೇನೆ, ಕೈ ಹಿಡಿದು ಕರೆತರುತ್ತೇನೆ.